ಸೀರಣಿಗೆ

ಜಟ್‌ಲ್ಯಾಂಡಿನ ಕಡಲಂಚಿನ ಬಯಲು.
ಸಾವಿರ ವರ್ಷ ಹಿಂದಕ್ಕೆ ಹೋಗಲು
ನೂರಿಪ್ಪತ್ತು ಕ್ರೋನರ್, ಮಕ್ಕಳಿಗೆ ಅರ್ಧ.

ಎಸ್ಕಿಲ್ ಜಿಂಕೆಗೊಂಬು ಉಜ್ಜುತ್ತಾನೆ,
ಗರಗಸದಲ್ಲಿ ಹಲ್ಲು ಹಲ್ಲಾಗಿ ಸೀಳುತ್ತಾನೆ.
ವಾರದ ದಿನ ಅವನು ಕಟ್ಟುವುದೂ ಹಲ್ಲೇ,
ಬೊಚ್ಚುಬಾಯಿಗಳಿಗೆ.

ಬಂದವರು ಕೇಳುತ್ತಾರೆ:
ಈ ಬೆಂಕಿ ನಿಜವಾದದ್ದೇ?
ಕತ್ತಿ ಹಿಡಿದು ಒಂದು ಫೋಟೊ?
ರಾತ್ರಿ ಇಲ್ಲೇ ಮಲಗುತ್ತೀರಾ, ದೇವರಾಣೆ?
ಶೌಚಾಲಯ?
ಹೊಗೆ ಬೇಕು, ಕಣ್ಣಿಗೆ ತಾಗಬಾರದು.
ಕೆಸರು ಬೇಕು, ಬೂಟಿನ ಅಂಚಿನ ತನಕ.
ಶಿರಸ್ತ್ರಾಣಕ್ಕೆ ಕೊಂಬಿಲ್ಲವೆಂದು
ಒಬ್ಬ ದುಡ್ಡು ವಾಪಸು ಕೇಳಿದ.

ಏಳು ವರ್ಷದ ಮೆಟ್ಟೆ ಮಾತ್ರ
ಹಣಿಗೆಯನ್ನು ಬಿಸಿಲಿಗೆ ಹಿಡಿದು
ಸಂದುಸಂದಿನಲ್ಲೂ ಇಣುಕಿ
“ಹೇನು ಎಲ್ಲಿ?” ಎಂದಳು.

ಅಮ್ಮ ನಾಚಿ ಕೈಯೆಳೆದಳು.
ಎಸ್ಕಿಲ್ ಗರಗಸ ಕೆಳಗಿಟ್ಟ.
ಇದ್ದವು, ಅಂದ. ಮಣ್ಣಲ್ಲಿ ಸಿಕ್ಕ ಹಣಿಗೆಗಳಲ್ಲಿ
ಈಗಲೂ ಒಮ್ಮೊಮ್ಮೆ ಸಿಗುತ್ತವೆ.
“ರಾಜನ ಹೇನಾ?”
ಯಾರ ತಲೆಯದೋ. ಹೇನು ಕೇಳುವುದಿಲ್ಲ.

ಅಷ್ಟು ಸಾಕಿತ್ತು ಅವಳಿಗೆ.
ತಲೆ ಕೆರೆದುಕೊಳ್ಳುತ್ತಾ ಹೋದಳು.

ಗೇಟು ಮುಚ್ಚಿದ ಮೇಲೆ
ಡೇರೆಯೊಳಗೆ ಎಸ್ಕಿಲ್
ತಾನೇ ಕಡೆದ ಹಣಿಗೆಯಿಂದ
ತಲೆ ಬಾಚಿ, ದೀಪಕ್ಕೆ ಹಿಡಿದು
ತುಸು ಹೊತ್ತು ನೋಡಿದ.