ಮುಂಗೈ ಪಟ್ಟಿ

ರಾತ್ರಿಪಾಳಿ ಆಯಾ ನಾನು, ಬೀದರದ ಮಿಷನ್ ದವಾಖಾನಿಯೊಳಗ.
ಹುಟ್ಟಿದ ಕೂಸಿನ ಮುಂಗೈಗೆ ಪಟ್ಟಿ ಕಟ್ಟೋದು ನನ್ನ ಕೆಲಸ.
ಅಪ್ಪನ ಹೆಸರು ಅದರಾಗ ಬರಿಯಂಗಿಲ್ಲ.
ಬಿ, ಒಂದು ಅಡ್ಡಗೆರೆ, ಓ, ಆಮ್ಯಾಲ ತಾಯಿ ಹೆಸರು.
ಇಂಥಾಕಿ ಕೂಸು, ಅಷ್ಟೇ.
ಬಿ/ಓ ಶರಣಮ್ಮ. ಬಿ/ಓ ನಸೀಮಾ ಬೇಗಂ.
ಗುತ್ತೇದಾರನ ಮಗನಿಗೂ ಅದೇ, ಗೌಂಡಿ ಮಗಳಿಗೂ ಅದೇ.
ನಾಕು ದಿನಕ್ಕ ಕತ್ತರಿಸಿ ಒಗೀತಾರ,
ಅಪ್ಪನ ಹೆಸರು ಹಚಗೊಂಡು ಮನಿಗೆ ಹೋಗ್ತಾವ.

ನಂದು ಮಾತ್ರ ಹಂಗೇ ಉಳೀತು.

ಮಂಗಲಪೇಟ ಬೋರ್ಡಿಂಗ್ ಸಾಲಿ ರಜಿಸ್ಟರ್‌ನ್ಯಾಗ
ತಂದಿ ಹೆಸರಿನ ಜಾಗಾದಾಗ ಸೀಸಕಡ್ಡಿಲೆ ಎಳೆದ ಗೆರೆ.
ಮಾಸ್ತರು ಹಾಜರಿ ಕರೀವಾಗ
"ದೀನಮ್ಮ, ತಂದಿ..." ಅಂತ ಶುರು ಮಾಡಿ
ಕೆಮ್ಮಿ ಮುಂದಿನಾಕಿಗೆ ಹೋಗೋರು.
ಆ ಕೆಮ್ಮೇ ನನ್ನ ಅಡ್ಡಹೆಸರಾತು.
ನನ್ನ ಕಂಡ್ರ ಸಾಕು, ಹುಡುಗ್ಯಾರು ಕೆಮ್ಮತಿದ್ರು.

ಅವ್ವಗ ಕೇಳಿದೆ. ಜೋಳ ಹಸನ ಮಾಡಕೋತ
"ಹಳ್ಳ ಬಂದಾಗ ಮಳಿ ಹೆಸರು ಯಾರು ಕೇಳ್ತಾರ?" ಅಂದ್ಳು.
ಮತ್ತ ಕೇಳಲಿಲ್ಲ.

ಓಣಿ ತುದಿಗೆ ಶಾಹಿದಾನ ಮನಿ.
ಅವರಪ್ಪ ಸೈಕಲ್ ಪಂಕ್ಚರ್ ತೆಗೀತಿದ್ರು.
ಸಂಜಿಗೆ ಅಂಗಡಿ ಮುಚ್ಚಿ ಬಂದ್ರ
ನಾಕು ಮಕ್ಕಳು ಒಮ್ಮೆಲೆ "ಅಬ್ಬಾ!" ಅಂತ ಓಡೋವು.
ಕಿಸೇದಾಗ ಖಾರಿ ಬಿಸ್ಕೀಟು.
ಒಂದಿನ ಆ ಕೂಗಿನೊಳಗ ನನ್ನ ದನೀನೂ ಸೇರಿಸಿಬಿಟ್ಟೆ.
ಅವರಿಗೆ ಗೊತ್ತಾತು.
ತಿರುಗಿ ನೋಡಿದ್ರು. ಬೈಲಿಲ್ಲ.
ಇದ್ದದ್ದು ನಾಕು, ಒಂದು ಮುರಿದು ಐದು ಮಾಡಿದ್ರು.
ಅರ್ಧಾ ಬಿಸ್ಕೀಟಿನ ಮಗಳು ನಾನು,
ಎಷ್ಟೋ ವರ್ಷ ಹಂಗೇ ಅನಕೊಂಡಿದ್ದೆ.

ಆಮ್ಯಾಲ ಒಂದು ಐತವಾರ ಚರ್ಚಿನ್ಯಾಗ
ಹಳ್ಳಿಖೇಡದಿಂದ ಬಂದ ಮುದುಕ ಪಾಸ್ಟರು ಹೇಳಿದ್ರು:
ಯೇಸುಸ್ವಾಮಿ ಕತ್ತಲ ತೋಟದಾಗ ಬೆವತು ಬಿದ್ದಾಗ
ತನ್ನ ಮನಿಮಾತಿಲೆ ಕರೆದದ್ದು "ಅಬ್ಬಾ" ಅಂತ.
ಅದೇ ಮಾತಿಲೆ ನೀವೂ ಕರೀರಿ, ಹಕ್ಕದ ನಿಮಗ.
ಮಂದಿ ತಲಿ ಹಾಕಿದ್ರು.
ನನಗ ಮಾತ್ರ ಟ್ಯೂಬಿಗೆ ಹಚ್ಚೋ ಸಲ್ಯೂಶನ್ ವಾಸನಿ ಬಂತು.
ನಗು ಬಂತು. ಆಮ್ಯಾಲ ಬೆಂಚು ಗಟ್ಟಿ ಹಿಡಕೊಂಡು ಕೂತೆ.

ಒಮ್ಮೆಲೆ ಬೆಳಕೇನೂ ಆಗಲಿಲ್ಲ.
ಹಕ್ಕಂದ್ರ ಕಾಗದ ಬೇಕಲ್ಲ, ಸಾಕ್ಷಿ ರುಜು ಬೇಕಲ್ಲ.
ಎಷ್ಟೋ ರಾತ್ರಿ ಮೊಣಕಾಲೂರಿ, ಬಾಯಿ ತೆಗೆದು,
ಕೆಮ್ಮಿ ಎದ್ದೀನಿ.

ಹೋದ ಚಳಿಗಾಲ. ಜನವಾಡದ ಕಡಿ ಹೆಣಮಗಳು,
ಆಟೋದಾಗ ಒಬ್ಬಾಕೇ ಬಂದಾಳ.
ಗಂಡನ ಹೆಸರು ಕೇಳಿದ್ರ ಗೋಡಿ ನೋಡಿದ್ಳು.
ಇರ್ಲಿ ಬಿಡವ್ವ, ಅಂದೆ.
ನಸುಕಿನ್ಯಾಗ ಕೂಸು ಬಂತು. ಅಳಲಿಲ್ಲ.
ನೀಲಿ. ಕಮರಿದ ಬದನಿಕಾಯಿ ಹಂಗ.
ಸಿಸ್ಟರ್ ಬೆನ್ನು ತಿಕ್ಕಿದ್ಳು, ಅಂಗಾಲು ಬಡದ್ಳು,
ಗಡಿಯಾರದ ಸಪ್ಪಳ ಅಷ್ಟು ದೊಡ್ಡದು ಅಂತ ಆವತ್ತೇ ಗೊತ್ತಾತು.
ಪಟ್ಟಿ ಹಿಡಕೊಂಡು ನಿಂತಿದ್ದೆ.
ನನ್ನ ಬಾಯಿಂದ ತಾನಾಗೇ ಬಂತು:
ಅಬ್ಬಾ.

ಕೂಸು ಅತ್ತಿತು.

"ಹೌದು ನೋಡು ದೀನಮ್ಮ, ನಂದೂ ಜೀವಾ ಹೋಗಿ ಬಂತು" ಅಂದ್ಳು ಸಿಸ್ಟರ್.
ನಾನು ಹೆದರಿ ಉಸಿರು ಬಿಟ್ಟೀನಿ ಅಂತ ತಿಳದಾಳ.
ನಾನು ಕರೆದಿದ್ದೆ.
ಆ ಕೂಸು ಅಳದಿದ್ರೂ
ನಾ ಕರೆದದ್ದು ಕರೆದದ್ದೇ.
ಬೆನ್ನ ಹಿಂದ ಯಾರೋ ತಿರುಗಿ ನೋಡಿದಂಗಾತು,
ಈ ಸಲ ಯಾವ ಬಿಸ್ಕೀಟೂ ಮುರಿಯೂದು ಬ್ಯಾಡಾಗಿತ್ತು.

ಮೊನ್ನಿ ಆಫೀಸಿನ್ಯಾಗ ಪಿಂಚಣಿ ಫಾರಮ್ಮು ಕೊಟ್ರು.
ತಂದಿ ಹೆಸರು, ಮುಂದ ಒಂದು ಗೆರೆ.
ಗೆರೆ ಹಂಗೇ ಬಿಟ್ಟೆ.
ನಾಚಿಗೆ ಅಲ್ಲ. ಅಷ್ಟು ಸಣ್ಣ ಗೆರೀಮ್ಯಾಲ
ಹಿಡಿಯೂ ಹೆಸರಲ್ಲ ಅದು.
ಕ್ಲರ್ಕ್ ಓದಿದ, ಅಲ್ಲಿಗೆ ಬಂದು ಕೆಮ್ಮಿದ.

ನೀರು ಕೊಟ್ಟೆ.