ಖರೇ ಸಪ್ಪಳ

ಕ್ಯಾಂಪಿನ ಹಳೇ ಬೇಕರಿ ಹಿಂದಿನ ಗೋಡೌನಿನಾಗ
ಐತವಾರಕ್ಕೊಮ್ಮೆ ಆರು ಮಂದಿ ಕೂಡತೇವಿ.
ಕದದ ಮ್ಯಾಲೆ ಸುಣ್ಣದಾಗ ಬರದಾಂವ ನಾನ:
ಮೈಕ್ ಇಲ್ಲ. ಸ್ಯಾಕ್ಸೊಫೋನ್ ಇಲ್ಲ.
ಐವತ್ತೆರಡರ ಈಚಿಂದು ಏನೂ ಇಲ್ಲ.

ಐವತ್ತೆರಡು ಯಾಕಂದ್ರ ಆ ಒಂದು ಅರಗಿನ ಪ್ಲೇಟು,
ಲಿಲಾವಿನಾಗ ವಕೀಲ ಹುಂಡೇಕಾರರಿಗೆ ಸಿಕ್ಕದ್ದು.
ಕ್ಲಬ್ಬಿನ ಜಾಝ್ ಬ್ಯಾಂಡು, ನಮ್ಮೂರಂದ.
ಸೂಜಿ ಇಳದಾಗ ಮೊದಲಿಗೆ
ಪುಠಾಣಿ ಹುರದಂಗ ಚಟಚಟ.
ಅದೂ ಹಾಡಂತನ ತಿಳದೇವಿ.

ಎರಡನೇ ಮಿನಿಟಿಗೆ ಕಾರ್ನೆಟ್ಟು ತುಸು ಮುಗ್ಗರಸತೈತಿ.
ಆ ಮುಗ್ಗರಿಕಿ ಕಲಿಯಾಕ ನನಗ ಎಂಟು ತಿಂಗಳು ಹಿಡೀತು.
ಡ್ರಮ್ಮಿನ ಜಾಗಾದಾಗ ತಗಡಿನ ಸಪ್ಪಳ.
ಅದಕ್ಕಂತ ಖಡೇಬಜಾರ ಪೂರ್ತಿ ತಿರುಗಿ
ಚಿಮಣಿ ಎಣ್ಣಿ ಡಬ್ಬಿ ತಂದಾಂವ ಮೆಹಬೂಬ ಪಟವೇಗಾರ.
ಹೊಸಾದು ಬಡದ್ರ ಹುಂಡೇಕಾರರು ಕಣ್ಣು ಮುಚ್ಚಿಕೊಂಡ
"ಇದು ಖರೇ ಅಲ್ಲ" ಅಂತಿದ್ರು.

ಅನಗೋಳದ ಹುಡುಗೊಬ್ಬ ಬಂದಿದ್ದ.
ಕ್ಲಾರಿನೆಟ್ಟು ಛಲೋ ಊದತಿದ್ದ.
ಭಾಳ ಛಲೋ.
ಅದ ತಪ್ಪಾತು, ವಾಪಸ್ ಕಳಿಸಿದಿವಿ.

ಹೋದ ತಿಂಗಳು ಇನಾಸ ಡಿಮೆಲ್ಲೊನ್ನ ಕರಕೊಂಡ ಬಂದಿವಿ,
ಪ್ಲೇಟಿನಾಗ ಕಾರ್ನೆಟ್ ಊದಿದಾಂವ,
ತೊಂಬತ್ತೊಂದು, ಕೈಯಾಗ ಬಡಗಿ, ಕಿವಿ ಇನ್ನೂ ಚುರುಕು.
ಖಾರಿ ಚಹಾದಾಗ ಅದ್ದಕೋತ ಪೂರ್ತಿ ಕೇಳಿದ.
ಸಹಿ ಹಾಕತಾನೇನೋ ಅಂತ ನಾವು ಉಸುರು ಹಿಡದಿದ್ವಿ.

"ಇಲ್ಲಿ ಯಾಕ ಮುಗ್ಗರಸತೀ ಬಾಬಾ?
ಅವತ್ತು ಬಾಗಲಾಗ ನಾಯಿ ಬಂದಿತ್ತು.
ಡ್ರಮ್ಮಿನ ಚರ್ಮ ಹರದಿತ್ತು, ಅಂಗಡಿಯಾಂವ ಉದ್ರಿ ಕೊಡಲಿಲ್ಲ.
ಸ್ಯಾಕ್ಸೊಫೋನ್ ಇತ್ತಲ್ಲ,
ಅದನ್ನ ಊದಾಂವ ನಿಪ್ಪಾಣಿಗೆ ಲಗ್ನಕ್ಕ ಹೋಗಿದ್ದ.
ಮತ್ತ ಇಷ್ಟ್ಯಾಕ ಓಡತೀರಿ?
ಪ್ಲೇಟು ತೀರತಿತ್ತಂತ ನಾವು ಓಡಿದ್ವಿ.
ಕ್ಲಬ್ಬಿನಾಗ ಇದನ್ನ ಅರ್ಧಾ ತಾಸು ಬಾರಸ್ತಿದ್ವಿ,
ನಡುವ ಲಾವಣಿ ಬರತಿತ್ತು, ಸಿನಿಮಾ ಬರತಿತ್ತು,
ಯಾರು ಎರಡು ರೂಪಾಯಿ ಕೊಟ್ರ ಅವರದು."

ಎದ್ದು ಹೋಗೂಮುಂದ ಡಬ್ಬಿ ಒಮ್ಮೆ ಬಡದು ನಕ್ಕ.

ಭಾಳೊತ್ತು ಯಾರೂ ಮಾತಾಡಲಿಲ್ಲ.
ಹುಂಡೇಕಾರರು ಪ್ಲೇಟು ಅರಬಿಲೆ ಒರಸಿ,
ಕೂಸಿನ ಮಾರಿ ಒರಸಿದಂಗ ಒರಸಿ, ಅಂದ್ರು:
"ವಯಸ್ಸಾಗೇತಿ ಪಾಪ. ನೆನಪು ಹೋಗೇತಿ."
ನಾವು ಆರೂ ಮಂದಿ ಗೋಣು ಹಾಕಿದಿವಿ.
ನಾನೂ ಹಾಕಿದೆ.

ಮುಂದಿನ ಐತವಾರ, ಎರಡನೇ ಮಿನಿಟಿಗೆ,
ನನ್ನ ಕಣ್ಣು ಬಾಗಲಕ್ಕ ಹೋತು.
ನಾಯಿ ಇರಲಿಲ್ಲ.
ಸ್ವರ ಮುಗ್ಗರಸದ ಸೀದಾ ಹೊಂಟು ಹೋತು,
ಬೇಕರಿ ಹೊಗಿ ಸಂಗಾಟ, ಕಿಡಕಿ ದಾಟಿ.

ಎಲ್ಲಾರೂ ನಿಲ್ಲಿಸಿ ನನ್ನ ನೋಡಿದ್ರು.
"ತಪ್ಪಿತು" ಅಂದ ಮೆಹಬೂಬ,
ಡಬ್ಬಿ ನಡುಗೂದನ್ನ ಅಂಗೈಲೆ ಅಮುಕಿ ಹಿಡದು.
"ಮೊದಲಿಂದ."