ಮೂರನೇ ಕಮಾನಿನ ಕೆಳಗೆ

ಅಸ್ಕ್ ನದಿ ಇವತ್ತು ಮೊಣಕಾಲಿಗೆ ಇಳಿದಿದೆ.
ಸೇತುವೆಯ ಮೂರನೇ ಕಮಾನಿನ ಕೆಳಗೆ
ಜಲ್ಲಿಯ ದಿಬ್ಬ ಮೈ ಒಣಗಿಸಿಕೊಳ್ಳುತ್ತ ಮಲಗಿದೆ.
ಯೆಸ್ಟಿನ್ ಎರಡು ಜೇಬು ತುಂಬ ಕೆಂಪು ತಂದು
ನನ್ನ ಮಡಿಲಿಗೆ ಸುರಿದ:
"ಅತ್ತೆ, ಇವೆಲ್ಲ ಮರಳುಗಲ್ಲೇ?"

ಅವಸರ ಬೇಡ, ಎಂದೆ.
ಒದ್ದೆಯಿದ್ದಾಗ ಎಲ್ಲ ಕಲ್ಲೂ ಮದುಮಗನೇ;
ಒಣಗಲಿ, ಆಮೇಲೆ ಕುಲ ಕೇಳು.

ಹೆಬ್ಬೆರಳಿನಿಂದ ಉಜ್ಜು:
ಬೆಕ್ಕಿನ ನಾಲಗೆಯ ಹಾಗೆ ತರಿತರಿ ಇದೆಯೇ?
ಒಂದು ಹನಿ ನೀರು ಬಿಡು.
ಬೆಣಚುಕಲ್ಲು ಅದನ್ನು ನೆತ್ತಿಯ ಮೇಲೇ ಹೊತ್ತು ಕೂರುತ್ತದೆ,
ಮರಳುಗಲ್ಲು ಕುಡಿಯುತ್ತದೆ,
ಕುಡಿದ ಕಡೆ ಮುಖ ಕಪ್ಪಿಡುತ್ತದೆ.
ಒಡೆದದ್ದು ಸಿಕ್ಕರೆ ಇನ್ನೂ ಒಳ್ಳೆಯದು:
ಬಿರುಕು ಕಾಳುಗಳನ್ನು ಬಳಸಿ ಹೋಗಿದ್ದರೆ ಇದು,
ಕಾಳನ್ನೇ ಸೀಳಿ ಹೋಗಿದ್ದರೆ
ಇದರ ಗಟ್ಟಿ ಅಣ್ಣ, ನೆಲದಾಳದಲ್ಲಿ ಬೆಂದು ಬಂದವನು.

ಹುಡುಗ ಭೂತಗನ್ನಡಿ ಹಿಡಿದ.
ಒಂದರ ಮೈಮೇಲೆ ಓರೆ ಗೆರೆಗಳು,
ಬಾಚಿದ ಕೂದಲಿನಂತೆ ಒಂದೇ ಕಡೆ ವಾಲಿದ್ದವು.
"ಗಾಯವಾ?"
ಅಲ್ಲ ಮಗೂ, ಇನ್ನೊಂದು ನದಿ ಹರಿದ ದಿಕ್ಕು.
ಮೀನಿಗಿನ್ನೂ ಕಾಲು ಬಾರದ ಕಾಲದಲ್ಲಿ
ಯಾವುದೋ ಹೊಳೆ ಇಲ್ಲಿ ಮರಳು ಹಾಕಿ ಹೋಯಿತು;
ಹೆಸರಿಡಲು ಯಾರೂ ಇರಲಿಲ್ಲ.
ಕೆಂಪೋ? ಅದು ಕಬ್ಬಿಣದ ತುಕ್ಕು,
ಹಳೇ ಗೇಟಿನ ತಿರುಗಣಿಗೆ ಹಿಡಿಯುವಂಥದೇ.

ಆಮೇಲೆ ಬಂತು ಕೈಗೆ, ಆ ಒಂದು.
ಉಳಿದವಕ್ಕಿಂತ ನುಣುಪು, ಚೆಂದದ ಮೊಟ್ಟೆಯಾಕಾರ.
ನೀರನ್ನೂ ಕುಡಿಯಿತು, ದುರಾಸೆಯಿಂದ.
ಆದರೆ ಗೆರೆಯಿಲ್ಲ, ಪದರವಿಲ್ಲ,
ಸೂಜಿಯ ತೂತಿನಷ್ಟು ಗುಳ್ಳೆಗಳು,
ಒಂದು ಬದಿಗೆ ಸವೆದ ಅಚ್ಚು: ಯಾವುದೋ ಅಕ್ಷರದ ಬೆನ್ನು.
"ಥೂ, ಇಟ್ಟಿಗೆ!" ಎಂದ ಯೆಸ್ಟಿನ್,
ಎಸೆಯಲು ಕೈ ಎತ್ತಿದ.

ತಡಿ.
ಮೇಲಿನ ದಂಡೆಯ ಇಟ್ಟಿಗೆ ಗೂಡಿನಲ್ಲಿ
ನನ್ನಪ್ಪ ಎಮ್ರಿಸ್ ಹನ್ನೊಂದು ವರ್ಷ ಅಚ್ಚು ಹೊಡೆದ.
ಗೂಡು ಮುಚ್ಚಿದ ವಾರ, ಉಳಿದ ಒಂದು ಬಂಡಿಯನ್ನು
ನೀರಿಗೆ ಸುರಿದು, ಮನೆಗೆ ಬಂದು, ಊಟ ಕೇಳಿದ.
ಏನೂ ಹೇಳಲಿಲ್ಲ.
ಇಟ್ಟಿಗೆ ಹೀಗೆ ಉರುಟಾಗಲು ಎಷ್ಟು ವರ್ಷ ಬೇಕೋ,
ಯಾರೂ ನನಗೆ ಕಲಿಸಿರಲಿಲ್ಲ.
ನನ್ನ ವಯಸ್ಸಿಗಿಂತ ಕಡಿಮೆ ಸಾಕು
ಎಂಬುದು ಈಗ ಗೊತ್ತಾಯಿತು.

ಹುಡುಗ ಎರಡು ಗುಡ್ಡೆ ಮಾಡಿದ: ಕಲ್ಲು, ಕಲ್ಲಲ್ಲದ್ದು.
ಇದನ್ನು ಎಲ್ಲಿಡುವುದೆಂದು ಬಹಳ ಹೊತ್ತು ನೋಡಿದ.
ಕೊನೆಗೆ ನಾಲಗೆಯ ತುದಿಗೆ ತಾಗಿಸಿ,
"ಮಣ್ಣಿನ ರುಚಿ" ಎಂದು ಮುಖ ಕಿವಿಚಿದ.
ಮರಳುಗಲ್ಲಿಗೂ ಹೆಚ್ಚುಕಡಿಮೆ ಅದೇ ರುಚಿ.
ನಾನು ಹೇಳಹೋಗಲಿಲ್ಲ.